ಅರ್ಧ ದಾರ

ಕೌಲ್ ಬಜಾರಿನ ಈ ತಗಡಿನ ಶೆಡ್ಡಿನಲ್ಲಿ
ಇಪ್ಪತ್ತೆರಡು ವರ್ಷ ಸೊಂಟ ಕತ್ತರಿಸಿದವನು ನಾನು.
ಮುಖ ನೋಡಿಲ್ಲ, ಹೆಸರು ಕೇಳಿಲ್ಲ.
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು,
ಒಂದರ ಮೇಲೊಂದು ನಲವತ್ತು ಪದರ ಡೆನಿಮ್,
ಮೇಲೆ ಸೀಮೆಸುಣ್ಣದ ಗೆರೆ, ಆಮೇಲೆ ಗರಗರ ಮಿಷನ್ನು.

ಆ ಸೋಮವಾರ ಕರೆಂಟು ಹೋಗಿತ್ತು.
ಪಂಪಾವತಿ ಎಂಬ ಹುಡುಗಿ ಒಳಗೆ ಬಂದಳು,
ಸಿರುಗುಪ್ಪದ ಕಡೆಯವಳಂತೆ,
ಹೆಗಲಿಗೆ ಐಸಿನ ಡಬ್ಬಿ, ಕೈಯಲ್ಲಿ ನನ್ನಂಥದೇ ಟೇಪು.
"ಅಧ್ಯಯನ ನಡೆದೈತ್ರಿ. ಕುಂತು ದುಡಿಯೋರ
ಎದಿ, ಸಕ್ಕರಿ, ಬೊಜ್ಜು. ಹತ್ತು ವರ್ಷ ನೋಡ್ತೀವಿ."
ಹತ್ತು ವರ್ಷ ಅಂದದ್ದೇ ಜಿಲಾನ್ ಕೆಮ್ಮಿದ:
"ನಮಗ ಈ ವಾರದ ಪಗಾರದ್ದೇ ಖಾತ್ರಿ ಇಲ್ಲ, ತಂಗಿ."

ತೂಕ ಬರೆದುಕೊಂಡಳು, ಅದನ್ನು ಪೂರಾ ನಂಬಲಿಲ್ಲ.
"ಈಗಿನ ಸಂಶೋಧನೆ ಹೊಟ್ಟೀನ ಕೇಳ್ತೈತಿ, ಮಾಸ್ತರ.
ಕೈಕಾಲು ಕಡ್ಡಿ ಇದ್ರೂ ನಮ್ಮ ಮಂದಿಗೆ
ಕೊಬ್ಬು ಒಳಗ ಹೋಗಿ ಕೂಡ್ತೈತಿ,
ಲಿವರಿನ್ಯಾಗ, ಕರುಳಿನ ಸುತ್ತ,
ಬಾಡಿಗಿ ಕೊಡದ ಬಾಡಿಗಿದಾರನ ಹಂಗ."

ನನ್ನ ಮೇಜಿನಿಂದಲೇ ಒಂದು ರೀಲು ಎತ್ತಿದಳು,
ಜೀನ್ಸಿಗೆ ಹಾಕುವ ತಾಮ್ರಬಣ್ಣದ ದಪ್ಪ ದಾರ.
ಹಿಮ್ಮಡಿಯಿಂದ ನೆತ್ತಿಗೆ ಹಿಡಿದು ಕತ್ತರಿಸಿದಳು,
ನಡುವಿಗೆ ಮಡಚಿದಳು.
"ನಿಮ್ಮ ಎತ್ತರದ ಅರ್ಧ. ಸೊಂಟ ಸುತ್ತಿ ಬರಬೇಕು."
ಬರಲಿಲ್ಲ.
ಹೊಕ್ಕುಳಿನ ಹತ್ತಿರ ನಾಕು ಬೆರಳು ಬಾಯಿ ತೆರೆದಿತ್ತು,
ಗುಂಡಿ ಕೂಡದ ಪ್ಯಾಂಟಿನ ಹಾಗೆ.
ಊರಿನ ನಡುಗಳಿಗೆಲ್ಲ ಬಟ್ಟೆ ಕೂಡಿಸಿದವನು
ದಾರ ಕಮ್ಮಿ ಬಿದ್ದು ನಿಂತೆ.

ಎರ್ರಿಸ್ವಾಮಿ ನಕ್ಕ. ಗುಂಡಿ ಹೊಡೆಯುವವನು,
ಮೂವತ್ತೊಂದು ವಯಸ್ಸು, ಒಗ್ಗರಣೆ ಮಂಡಕ್ಕಿ,
ನಾಕು ಮಿರ್ಚಿ, ಆರು ಚಾ, ಆದರೂ ಬಿದಿರುಗಳ.
ಅವನ ಬೆರಳು ಚುಚ್ಚಿದಳು.
ಪುಟ್ಟ ಯಂತ್ರ ಐದೆಣಿಸಿ ಹೇಳಿತು: ಇನ್ನೂರ ಎಂಬತ್ತು.
ನಗು ಅಲ್ಲೇ ನಿಂತಿತು,
ಕರೆಂಟು ಹೋದಾಗ ಸೂಜಿ ಬಟ್ಟೆಯೊಳಗೇ ನಿಂತಂತೆ.
"ದಾರಕ್ಕ ಸಿಗದವರೂ ಇರ್ತಾರ್ರಿ," ಎಂದಳು ಮೆಲ್ಲಗೆ.
"ತೆಳ್ಳಗಿದ್ದೋರಿಗೆ ಯಾಕ ಬರ್ತೈತಿ, ಪೂರಾ ಗೊತ್ತಿಲ್ಲ.
ಹುಟ್ಟಿದಾಗಿನ ತೂಕಾನೋ, ತಾಯಿ ಬಸಿರಿನ ಹಸಿವೋ,
ಅದಕ್ಕ ನಿನ್ನ ಹನಿ ಬೇಕು, ಅಣ್ಣ."
ಅವನ ತಾಯಿ ಬಸಿರಲ್ಲಿ ಏನು ಉಂಡಿದ್ದಳೋ
ನಮಗ್ಯಾರಿಗೂ ಗೊತ್ತಿರಲಿಲ್ಲ. ಅವನಿಗೂ.

ಯಾಕೋ ನಾನು ಮೇಜಿನ ಕೆಳಗಿನ ರಿಜಿಸ್ಟರು ತೆಗೆದೆ.
ಮೊದಲ ಪುಟಗಳಲ್ಲಿ ನೂರಕ್ಕೆ ಐವತ್ತು ಮೂವತ್ತರ ಸೊಂಟ.
ಈಗೀಗ ಮೂವತ್ತಾರು, ಮೂವತ್ತೆಂಟು.
"ಇದೂ ಅಧ್ಯಯನಾನ ಏನವ್ವ?"
ಪುಟ ಪುಟ ಫೋಟೋ ಹೊಡೆದುಕೊಂಡಳು.
ಇನ್ನೊಂದು ಮಾತು ನುಂಗಲಾಗದೆ ಹೇಳಿಬಿಟ್ಟೆ:
ಏಳು ವರ್ಷದಿಂದ ನಾವು ಮೂವತ್ತಾರು ಹೊಲಿದು
ಮೂವತ್ನಾಕರ ಚೀಟಿ ಹಚ್ಚುತ್ತೇವೆ.
ಗಿರಾಕಿಗೆ ಸಮಾಧಾನ ಅಂತಾರೆ ಅಂಗಡಿಯವರು.
ನಮ್ಮಣ್ಣ ವಿಠೋಬನೂ ಅಂಥದೇ ತೊಟ್ಟಿದ್ದ,
ಎದೆ ಹಿಡಿದುಕೊಂಡ ದಿನ ಗ್ಯಾಸು ಅಂದ,
ಗೋಲಿ ಸೋಡಾ ಕುಡಿದ, ಈ ಬೆಂಚಿನ ಮೇಲೇ ಒರಗಿದ.
ಚೀಟಿಯಲ್ಲಿ ಮೂವತ್ನಾಕು.
ಆ ಪ್ಯಾಂಟು ಕತ್ತರಿಸಿದವನು ನಾನು.

ಪಂಪಾವತಿ ಏನೂ ಬರೆದುಕೊಳ್ಳಲಿಲ್ಲ.
ಆಮೇಲೆ ಬರೆದುಕೊಂಡಳು.

ಮಡಚಿದ ಆ ದಾರ ಕತ್ತರಿಯ ಪಕ್ಕದ ಮೊಳೆಗೆ ತೂಗಿದೆ.
ಊಟದ ಹೊತ್ತಲ್ಲಿ ಯಾರಿಗೂ ಕಾಣದಂತೆ
ಒಬ್ಬೊಬ್ಬರೇ ತೆಗೆದು ಸುತ್ತಿ ನೋಡುತ್ತಾರೆ.
"ಲೇ, ಅದು ನನ್ನ ಎತ್ತರ, ನಿಂದು ನೀ ಎಳಕೋ."
ಎಳೆದುಕೊಳ್ಳುತ್ತಾರೆ.
ಎರ್ರಿಸ್ವಾಮಿ ಚಾ ಮುಂದಿಟ್ಟುಕೊಂಡು ಕೆನೆಗಟ್ಟುವತನಕ ಕೂರುತ್ತಾನೆ,
ಆಮೇಲೆ ಕುಡಿದುಬಿಡುತ್ತಾನೆ.

ನಿನ್ನೆ ಸಾವುಕಾರ ಬಂದಿದ್ದ,
ಬಾಗಿಲಲ್ಲಿ ಹೊಟ್ಟೆ ಮೊದಲು, ಅವನು ಆಮೇಲೆ.
"ಮಾಸ್ತರ, ತಾಮ್ರದ ರೀಲು ಯಾಕ ಇಷ್ಟು ಲಗೂನ ಮುಗೀತಾವ?"
ಮಿಷನ್ನುಗಳೆಲ್ಲ ಒಮ್ಮೆಗೇ ಸುಮ್ಮನಾದವು.
ನಾನು ರೀಲಿನ ತುದಿ ಬಿಡಿಸಿ ಹಿಡಿದು
"ಬರ್ರಿ ಸಾವ್ಕಾರ್ರ," ಅಂದೆ, "ಇಲ್ಲಿ
ಗ್ವಾಡಿಗೆ ನೆಟ್ಟಗ ನಿಂದರ್ರಿ."